ಒದ್ದೆ ಹಗ್ಗ

ಬಂದರಿಗೆ ಹೋಗೋ ಹೊಸ ರಸ್ತೆ ಇದೆಯಲ್ಲ, ಅದರ ಎಡಗಡೆ ಫುಟ್‌ಪಾತಿನಲ್ಲಿ, ದರ್ಜಿ ಅಂಗಡಿ ಎದುರಿಗೆ, ಒಂದು ಕಡೆ ಚಪ್ಪಡಿಗಳ ಬಣ್ಣ ಬೇರೆ. ದುಂಡಗೆ ಇದೆ. ಆ ಗಲ್ಲಿಯವರು ಯಾರೂ ಅದನ್ನ ತುಳಿಯಲ್ಲ, ಸುತ್ತು ಹಾಕ್ಕೊಂಡು ಹೋಗ್ತಾರೆ. ಯಾಕೆ ಅಂತ ಹೇಳ್ತೀನಿ, ಮಧ್ಯೆ ಬಾಯಿ ಹಾಕಬೇಡಿ ಅಷ್ಟೆ. ಇದು ಯಾರೋ ಯಾರಿಗೋ ಹೇಳಿದ್ದನ್ನ ಕೇಳಿ ಬಂದ ಸುದ್ದಿ ಅಲ್ಲ. ನಮ್ಮ ಅಕ್ಕನ ಗಂಡನಿಗೆ ಆಗಿದ್ದು.

ಭಾವ ಪ್ಲಾನಿಂಗ್ ಆಫೀಸಿನಲ್ಲಿ ಸರ್ವೆ ಮಾಡೋರು. ಊರಲ್ಲಿ ಎಲ್ಲಿ ರಸ್ತೆ ಅಗಲ ಆಗಬೇಕು, ಎಲ್ಲಿ ಮನೆ ಒಡೀಬೇಕು, ಎಲ್ಲಿ ಹೊಸ ಬಡಾವಣೆ ಬರಬೇಕು, ಎಲ್ಲದಕ್ಕೂ ಮೊದಲು ಟೇಪು ಹಿಡ್ಕೊಂಡು ಹೋಗೋದು ಇವರೇ. ಕೈ ಎಷ್ಟು ನೇರ ಅಂದ್ರೆ, ಸ್ಕೇಲಿಲ್ಲದೆ ಗೆರೆ ಎಳೆದ್ರೂ ಕೂದಲೆಳೆಯಷ್ಟು ಆಚೀಚೆ ಆಗಲ್ಲ. ಅದಕ್ಕೇ ನಾವು ಗೆರೆಭಾವ ಅಂತ ಹೆಸರಿಟ್ಟಿದ್ವಿ. ಎದುರಿಗಲ್ಲ, ಬೆನ್ನ ಹಿಂದೆ. ದೆವ್ವ ಅಂದ್ರೆ ನಗೋ ಮನುಷ್ಯ. "ಈ ಊರಲ್ಲಿ ದೆವ್ವಕ್ಕೆ ನಿಲ್ಲೋಕೆ ಜಾಗ ಎಲ್ಲಿದೆ, ಎಲ್ಲ ನಾನೇ ಅಳೆದು ಕೊಟ್ಟಿದೀನಲ್ಲ" ಅಂತಿದ್ರು.

ಆವತ್ತು ಆಫೀಸಿನಲ್ಲಿ ರಸ್ತೆಯ ಎರಡನೇ ಹಂತದ ನಕ್ಷೆ ಮುಗಿಸೋ ಹೊತ್ತಿಗೆ ರಾತ್ರಿ ಹನ್ನೊಂದೂವರೆ. ಕೊನೇ ಬಸ್ಸು ಹೋಗಿತ್ತು. ನಡ್ಕೊಂಡೇ ಹೊರಟ್ರು. ರಸ್ತೆ ಖಾಲಿ. ಎರಡೂ ಕಡೆ ಅರ್ಧ ಎದ್ದ ಕಟ್ಟಡಗಳು, ಅವಕ್ಕೆ ಸುತ್ತಿದ ಹಸಿರು ಬಲೆ ಗಾಳಿಗೆ ಪಟ... ಪಟ... ಅಂತಿತ್ತು. ದೂರದಲ್ಲಿ ಸಮುದ್ರ. ಇವರ ಚಪ್ಪಲಿ ಸದ್ದು... ಚಟ್, ಚಟ್.

ದರ್ಜಿ ಅಂಗಡಿ ಹತ್ತಿರ ಬಂದಾಗ ಇನ್ನೊಂದು ಸದ್ದು ಕೇಳ್ತು.

ಕಿರ್ರ್... ಕಿರ್ರ್... ಕಿರ್ರ್...

ಎಣ್ಣೆ ಕಾಣದ ಕಬ್ಬಿಣ ತಿರುಗೋ ಸದ್ದು. ಮೆಲ್ಲಗೆ ತಿರುಗಿ, ನಿಂತು, ಮತ್ತೆ ತಿರುಗ್ತಿತ್ತು. ಭಾವ ನಿಂತ್ರು. ಅದೂ ನಿಲ್ತು. ಆಮೇಲೆ... ಕಾಲ ಕೆಳಗೆ, ತುಂಬಾ ಆಳದಲ್ಲಿ...

ದುಡುಂ.

ಅದರ ಹಿಂದೆ ಗುಳುಗುಳುಗುಳು ಅಂತ, ಕೊಡದ ಬಾಯಿಗೆ ನೀರು ನುಗ್ಗೋ ಸದ್ದು.

ಬೇರೆ ಯಾರಾದ್ರೂ ಆಗಿದ್ರೆ ಚರಂಡಿ ಅಂದ್ಕೊಂಡು ಹೋಗ್ತಿದ್ರು. ಭಾವನಿಗೆ ಹಾಗೆ ಅಂದ್ಕೊಳ್ಳೋಕೆ ಆಗಲಿಲ್ಲ. ಆ ಸದ್ದು ಅವರಿಗೆ ಗೊತ್ತಿತ್ತು. ತಲೆ ಎತ್ತದೆ, ಹಿಂದೆ ನೋಡದೆ, ದಾಪುಗಾಲು ಹಾಕ್ಕೊಂಡು ಮನೆ ಸೇರಿದ್ರು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ, ಆ ತರ. ಯಾಕೆ ಅಂತ ತಿಳೀಬೇಕಾದ್ರೆ ಎರಡು ವರ್ಷ ಹಿಂದಕ್ಕೆ ಹೋಗಬೇಕು.

ಆಗ ಆ ರಸ್ತೆ ಬರೀ ಒಂದು ಗಲ್ಲಿ. ಸಮುದ್ರದ ಪಕ್ಕದ ಊರು ತಾನೆ, ಎಲ್ಲಿ ತೋಡಿದ್ರೂ ಉಪ್ಪುನೀರು. ಬಟ್ಟೆ ಒಗೆದ್ರೆ ನೊರೆ ಬರಲ್ಲ. ಅಂಥದ್ರಲ್ಲಿ ಆ ಗಲ್ಲಿಯ ಮೂಲೆಯಲ್ಲಿ ಒಂದೇ ಒಂದು ಬಾವಿಯಲ್ಲಿ ಸಿಹಿನೀರು. ಅದು ಹೇಗೆ ಅಂತ ಯಾರಿಗೂ ಗೊತ್ತಿಲ್ಲ. ನಲವತ್ತು ಮನೆ ಅದನ್ನೇ ಕುಡೀತಿತ್ತು. ಬಾವಿಯ ಹಗ್ಗ ನೋಡ್ಕೊಳ್ತಿದ್ದದ್ದು ಪಕ್ಕದ ಮನೆಯ ಒಬ್ಬ ಮುದುಕಿ. ಹಗ್ಗ ಸವೆದ್ರೆ ತೆಂಗಿನ ನಾರು ತಂದು ತಾನೇ ಹೊಸೆದು ಕಟ್ಟೋದು. ಎಲ್ಲರೂ ಅವಳನ್ನ ಹಗ್ಗದಜ್ಜಿ ಅಂತಲೇ ಕರೀತಿದ್ರು.

ಸರ್ಕಾರದ ನಿಯಮ ಒಂದಿದೆ. ಜನ ನೀರು ಸೇದೋ ಬಾವಿಯನ್ನ ರಸ್ತೆಗೆ ಅಂತ ಮುಚ್ಚೋ ಹಾಗಿಲ್ಲ, ರಸ್ತೆಯೇ ಪಕ್ಕಕ್ಕೆ ಬಳಸ್ಕೊಂಡು ಹೋಗಬೇಕು. ಪಾಳು ಬಾವಿ ಆದ್ರೆ ಮುಚ್ಚಬಹುದು. ಯಾವುದು ಬಳಕೆಯ ಬಾವಿ, ಯಾವುದು ಪಾಳು ಅಂತ ಬರೆಯೋ ಕೆಲಸ ಸರ್ವೆಯವರದ್ದು. ಅದನ್ನ ಹೇಗೆ ತಿಳಿಯೋದು ಅಂತ ಭಾವನಿಗೆ ಅವರ ಗುರುಗಳಂಥ ಹಳೇ ಸರ್ವೆಯವರು ಕಲಿಸಿದ್ರು. "ಜನರನ್ನ ಕೇಳಬೇಡ, ಅವರವರ ಅನುಕೂಲಕ್ಕೆ ಹೇಳ್ತಾರೆ. ಹಗ್ಗ ಮುಟ್ಟಿ ನೋಡು. ಒದ್ದೆ ಇದ್ರೆ ಬಾವಿ ಬದುಕಿದೆ."

ಆವತ್ತು ಭಾವ ಹೋಗಿ ಹಗ್ಗ ಮುಟ್ಟಿದ್ರು. ತೊಯ್ದು ತೊಪ್ಪೆ ಆಗಿತ್ತು. ಜೇಬಿನಿಂದ ಸಣ್ಣ ಪುಸ್ತಕ ತೆಗೆದು ಪೆನ್ಸಿಲಿನಲ್ಲಿ ಬರ್ಕೊಂಡ್ರು. 'ಬಾವಿ. ಹಗ್ಗ ಒದ್ದೆ.' ಹಗ್ಗದಜ್ಜಿ ಕಟ್ಟೆ ಮೇಲೆ ಕೂತು ನೋಡ್ತಿದ್ಲು.

"ಏನು ಬರ್ಕೊಂಡೆ ಮಗಾ?"

"ಬಾವಿ ಇದೆ ಅಂತ ಅಜ್ಜಿ."

"ಹಾಗಾದ್ರೆ ಮುಚ್ಚಲ್ಲ ತಾನೆ?"

"ಮುಚ್ಚೋ ಹಾಗಿಲ್ಲ ಅಜ್ಜಿ."

ಮುದುಕಿಗೆ ಏನು ಖುಷಿ ಅಂತೀರಿ. ಎದ್ದು, ತಾನೇ ಕೊಡ ಇಳಿಸಿ, ಸೇದಿ, ಒಂದು ಚೊಂಬು ನೀರು ಕೊಟ್ಲು. ಬಿಸಿಲಲ್ಲಿ ನಾಲ್ಕು ತಾಸು ತಿರುಗಿದ್ದ ಗಂಟಲು. ಭಾವ ಗಟಗಟ ಕುಡಿದು ಇನ್ನೊಂದು ಚೊಂಬು ಕೇಳಿ ಇಸ್ಕೊಂಡ್ರು.

ಸಂಜೆ ಆಫೀಸಿಗೆ ಬಂದು ಮೇಜಿನ ಮುಂದೆ ಕೂತಾಗ ತೊಂದರೆ ಶುರುವಾಯ್ತು. ಆ ಆಫೀಸಿನಲ್ಲಿ ಒಂದು ಕೆಟ್ಟ ರೂಢಿ ಇತ್ತು. ಮೊದಲು ಜಾಗ ನೋಡಿ ಆಮೇಲೆ ನಕ್ಷೆ ಬರೀಬೇಕು ತಾನೆ? ಇವರು ಮೊದಲೇ ನಕ್ಷೆ ಬರೆದು, ಇಂಕು ಹಾಕಿ, ಆಮೇಲೆ ಶಾಸ್ತ್ರಕ್ಕೆ ಜಾಗ ನೋಡ್ಕೊಂಡು ಬರೋರು. ಭಾವನೂ ರಸ್ತೆಯನ್ನ ಆಗಲೇ ಎಳೆದಾಗಿತ್ತು. ನೇರ, ಕಣ್ಣಿಗೆ ಹಬ್ಬ ಅನ್ನೋ ಹಾಗೆ. ಬಾವಿ ಸರಿಯಾಗಿ ಆ ಗೆರೆಯ ಒಳಗೆ ಕೂತಿತ್ತು. ಹತ್ತು ಅಡಿ ಬಗ್ಗಿಸಬೇಕಾದ್ರೆ ಆರು ಹಾಳೆ ಹೊಸದಾಗಿ ಬರೀಬೇಕು. ಸಾಹೇಬರು ಬೆಳಿಗ್ಗೆ ಹತ್ತಕ್ಕೆ ನಕ್ಷೆ ಬೇಕು ಅಂದಿದ್ರು.

ಯಾರೂ ಲಂಚ ಕೊಡಲಿಲ್ಲ. ಯಾರೂ ಹೆದರಿಸಲಿಲ್ಲ. ಅದನ್ನೇ ಭಾವ ಆಮೇಲೆ ಸಾವಿರ ಸಲ ಹೇಳ್ಕೊಂಡ್ರು. ಹೆದರಿಸಿದ್ದಿದ್ರೆ ಹೇಳ್ಕೊಳ್ಳೋಕೆ ಒಂದು ನೆಪ ಆದ್ರೂ ಇರ್ತಿತ್ತು ಅಂತ. ಸುಸ್ತಾಗಿತ್ತು. ಗೆರೆ ಚೆನ್ನಾಗಿ ಬಂದಿತ್ತು, ಅಳಿಸೋಕೆ ಮನಸ್ಸಾಗಲಿಲ್ಲ. ಅಷ್ಟೆ. ದೊಡ್ಡ ಹಾಳೆಯಲ್ಲಿ, ಕಪ್ಪು ಇಂಕಿನಲ್ಲಿ ಬರೆದ್ರು. 'ಪಾಳು ಬಾವಿ. ಬಳಕೆಯಲ್ಲಿಲ್ಲ.' ಸಣ್ಣ ಪುಸ್ತಕವನ್ನ ಡ್ರಾಯರಿಗೆ ಹಾಕಿ ಬೀಗ ಹಾಕಿದ್ರು. ಉಂಡ ಮನೆಗೆ ಎರಡು ಬಗೆಯೋದು ಅಂತಾರಲ್ಲ... ಅವರ ಗಂಟಲು ಇನ್ನೂ ತಣ್ಣಗಿತ್ತಂತೆ.

ನೋಟೀಸು ಅಂಟಿಸಿದ್ರು. ಈ ಗಲ್ಲಿಯಲ್ಲಿ ರಸ್ತೆ ಬರುತ್ತೆ, ಆಕ್ಷೇಪಣೆ ಇದ್ರೆ ಮೂವತ್ತು ದಿನದೊಳಗೆ ಹೇಳಿ ಅಂತ. ಗಲ್ಲಿಯವರು ಎದ್ದು ಹೊರಡೋರೇ, ಹಗ್ಗದಜ್ಜಿ ತಡೆದ್ಲು. "ಏನೂ ಬೇಡ, ಆ ಹುಡುಗ ನನ್ನ ಕಣ್ಣೆದುರಿಗೇ ಬರ್ಕೊಂಡಿದಾನೆ. ನಮ್ಮ ನೀರು ಕುಡಿದು ಹೋಗಿದಾನೆ." ನಲವತ್ತು ಮನೆಯಲ್ಲಿ ಒಬ್ಬರೂ ಅರ್ಜಿ ಕೊಡಲಿಲ್ಲ.

ಮೂವತ್ತೊಂದನೇ ದಿನ ಟಿಪ್ಪರುಗಳು ಬಂದ್ವು. ಒಡೆದ ಮನೆಗಳ ಕಲ್ಲುಮಣ್ಣು ತಂದು ಸುರಿಯೋಕೆ ನಿಂತ್ರು. ಅಜ್ಜಿ ಕೂಗಾಡಲಿಲ್ಲ. ಕೊಡ ಕಟ್ಟಿದ ಹಗ್ಗ ಕೈಯಲ್ಲಿತ್ತು. ಕೊಡ, ಹಗ್ಗ ಎರಡನ್ನೂ ಬಾವಿ ಒಳಗೆ ಬಿಟ್ಟು ಮನೆಗೆ ಹೋಗಿ ಮಲಗಿದ್ಲು. ಟ್ಯಾಂಕರ್ ನೀರು ಬಾಯಿಗೆ ಇಟ್ರೆ ತುಟಿ ಬಿಗಿ ಹಿಡಿಯೋಳು. ಒಂದೂವರೆ ತಿಂಗಳಲ್ಲಿ ಹೋಗಿಬಿಟ್ಲು.

ಅವಳಿಗೆ ಒಬ್ಬಳು ಮಗಳು. ಅದೇ ದರ್ಜಿ ಅಂಗಡಿಯವರು. ತಾಯಿ ಹೋದ ಮೇಲೆ ಅವರು ಪಟ್ಟು ಬಿಡಲಿಲ್ಲ. ಒಂದು ವರ್ಷ ಮೇಲಿನ ಆಫೀಸಿಗೆ ಅಲೆದ್ರು. ಕೊನೆಗೆ ಅಲ್ಲಿ ಒಬ್ಬ ಅಧಿಕಾರಿ ಹೇಳಿದ್ರಂತೆ, ಬಾವಿ ಬಳಕೆಯಲ್ಲಿತ್ತು ಅಂತ ಸರ್ವೆಯವರ ಆವತ್ತಿನ ಬರಹ ಒಂದು ತನ್ನಿ, ಫುಟ್‌ಪಾತು ಕಿತ್ತು ಬಾವಿ ತೆಗೆಸಿ ಕೊಡ್ತೀನಿ ಅಂತ. ಆವತ್ತಿನಿಂದ ಆ ಹೆಂಗಸು ಪ್ರತಿ ಸೋಮವಾರ ಅಂಗಡಿ ಮುಚ್ಚಿ ಭಾವನ ಮೇಜಿನ ಮುಂದೆ ಬಂದು ನಿಲ್ಲೋರು.

"ಸಾರ್, ಆ ಸಣ್ಣ ಪುಸ್ತಕ ಸಿಕ್ತಾ?"

"ಹುಡುಕಿಸ್ತಾ ಇದೀನಮ್ಮ. ಹಳೇದೆಲ್ಲ ಗೋಡೌನಿಗೆ ಹೋಗಿದೆ."

"ನೀವು ಬರ್ಕೊಂಡಿದ್ದು ನಿಜ ತಾನೆ ಸಾರ್?"

"ಬರ್ಕೊಂಡಿದ್ದೆ."

"ಅಷ್ಟು ಸಾಕು ಸಾರ್. ಮುಂದಿನ ವಾರ ಬರ್ತೀನಿ."

ಪುಸ್ತಕ ಇದ್ದದ್ದು ಅವರ ಮೊಣಕಾಲಿನಿಂದ ಒಂದು ಗೇಣು ದೂರದಲ್ಲಿ, ಡ್ರಾಯರಿನಲ್ಲಿ. ತೆಗೆದು ಕೊಟ್ರೆ ಬಾವಿ ಬರುತ್ತೆ. ದೊಡ್ಡ ಹಾಳೆಯಲ್ಲಿ ಸುಳ್ಳು ಬರೆದದ್ದು ಯಾರು ಅಂತಲೂ ಬರುತ್ತೆ, ಕೆಲಸ ಹೋಗುತ್ತೆ. ಹೀಗೆ ಏಳು ತಿಂಗಳು ಮುಂದಿನ ವಾರ, ಮುಂದಿನ ವಾರ ಅಂತ ಕಳೆದ್ರು. ಅಕ್ಕನಿಗೂ ಹೇಳಲಿಲ್ಲ. ಊಟ ಸರಿಯಾಗಿ ಸೇರ್ತಿರಲಿಲ್ಲ. ಸೋಮವಾರ ಬಂತು ಅಂದ್ರೆ ಹೊಟ್ಟೆ ಕೆಟ್ಟಿದೆ ಅಂತ ರಜೆ ಹಾಕೋಕೆ ನೋಡೋರು. ನಾವು ಗೆರೆಭಾವನ ಹೊಟ್ಟೆಗೆ ದೃಷ್ಟಿ ಆಗಿದೆ ಅಂತ ನಗಾಡ್ತಿದ್ವಿ. ಈಗ ನೆನೆಸ್ಕೊಂಡ್ರೆ ನಾಚಿಕೆ ಆಗುತ್ತೆ.

ಈಗ ಆ ರಾತ್ರಿಗೆ ಬನ್ನಿ. ರಾಟೆ ಸದ್ದು ಕೇಳಿದ್ದು ಒಂದು ಮಂಗಳವಾರ. ಮಾರನೇ ದಿನ ಬೇಕಂತಲೇ ಬೇಗ ಹೊರಟ್ರು. ಗುರುವಾರ ಮತ್ತೆ ಕೆಲಸ ಮುಗಿಯಲಿಲ್ಲ, ಮತ್ತೆ ಬಸ್ಸು ತಪ್ತು. ಬೇರೆ ದಾರಿ ಹಿಡೀಬಹುದಿತ್ತು. ಯಾಕೆ ಹಿಡೀಲಿಲ್ಲ ಅಂತ ಅಕ್ಕ ಕೇಳಿದಾಗ "ಕಾಲು ಅಲ್ಲಿಗೇ ಹೋಯ್ತು" ಅಂದ್ರು, ಅಷ್ಟೆ.

ಆವತ್ತು ಸದ್ದಿರಲಿಲ್ಲ. ದೀಪದ ಬೆಳಕಲ್ಲಿ ಫುಟ್‌ಪಾತು ಒಣಗಿತ್ತು. ದರ್ಜಿ ಅಂಗಡಿ ಎದುರಿಗೆ ಮಾತ್ರ... ಒಂದು ಒದ್ದೆ ಬಳೆ. ಯಾರೋ ಕೂತು ಕೈವಾರದಲ್ಲಿ ಬರೆದ ಹಾಗೆ, ದುಂಡಗೆ. ಒಳಗೆ ಒಣ, ಹೊರಗೆ ಒಣ, ಬಳೆ ಮಾತ್ರ ಒದ್ದೆ. ಭಾವನ ಕಣ್ಣು ಅಳತೆಯ ಕಣ್ಣು. ಒಂಬತ್ತು ಅಡಿ ಅಂತ ನೋಡಿದ ಕೂಡಲೇ ಗೊತ್ತಾಯ್ತು. ಬಾವಿಕಟ್ಟೆ ಒಂಬತ್ತು ಅಡಿ ಇತ್ತು. ಅವರೇ ಟೇಪು ಹಿಡಿದು ಅಳೆದದ್ದು.

ಬಳೆಯ ಒಂದು ಕಡೆಯಿಂದ ಬರಿಗಾಲಿನ ಒದ್ದೆ ಹೆಜ್ಜೆಗಳು ಶುರುವಾಗಿದ್ವು. ಸಣ್ಣ ಹೆಜ್ಜೆ. ದರ್ಜಿ ಅಂಗಡಿ ಬಾಗಿಲವರೆಗೆ ಹೋಗಿ ನಿಂತಿದ್ವು. ವಾಪಸು ಬಂದಿರಲಿಲ್ಲ.

ಭಾವ ಆವತ್ತೂ ಓಡಿ ಮನೆಗೆ ಬಂದ್ರು.

ಮುಂದಿನ ಸೋಮವಾರ ಆ ಹೆಂಗಸು ಬಂದು "ಸಿಕ್ತಾ ಸಾರ್?" ಅಂದಾಗ, ಡ್ರಾಯರಿನ ಮೇಲೆ ಕೈ ಇಟ್ಟಿದ್ರಂತೆ. ಬೀಗದ ಕೈ ಬೆರಳಲ್ಲಿತ್ತಂತೆ. ಬಾಯಿಂದ ಬಂದದ್ದು ಮಾತ್ರ "ಮುಂದಿನ ವಾರ ನೋಡೋಣಮ್ಮ."

ಆವತ್ತು ರಾತ್ರಿಯೇ ಮೂರನೇದು.

ಸೆಖೆ. ಗಾಳಿ ಇಲ್ಲ. ಕಟ್ಟಡಗಳ ಬಲೆ ಕೂಡ ಅಲ್ಲಾಡ್ತಿರಲಿಲ್ಲ. ಅಂಗಡಿ ಇನ್ನೂ ಐವತ್ತು ಹೆಜ್ಜೆ ಇರೋವಾಗಲೇ ಶುರುವಾಯ್ತು. ಕಿರ್ರ್... ಕಿರ್ರ್... ಈ ಸಲ ಭಾವ ನಿಂತ್ರೂ ಅದು ನಿಲ್ಲಲಿಲ್ಲ. ಹತ್ತಿರ ಹೋದ್ರು. ಏನೂ ಕಾಣಲ್ಲ. ಖಾಲಿ ಫುಟ್‌ಪಾತು, ದೀಪದ ಕಂಬ, ಅಂಗಡಿಯ ಷಟರು. ರಾಟೆ ತಿರುಗೋ ಸದ್ದು ಮಾತ್ರ ತಲೆಯಿಂದ ಒಂದು ಮೊಳ ಮೇಲೆ.

ಕಿವಿ ಹತ್ತಿರ ಪಿಸುಗುಟ್ಟಿದ ಹಾಗೆ...

"ಮಗಾ... ಹಿಡ್ಕೋ."

ಭಾವನ ಕೈ ತಾನಾಗಿ ಮುಂದೆ ಹೋಯ್ತು. ಮುಷ್ಟಿ ಒಳಗೆ ಹಗ್ಗ ಬಂತು. ಕಣ್ಣಿಗೆ ಕಾಣದ ಹಗ್ಗ. ಒರಟು ನಾರು, ತಣ್ಣಗೆ, ನೀರು ಸೋರ್ತಾ ಇತ್ತು. ಮೊಣಕೈವರೆಗೆ ಹರೀತು.

"ನೋಡು... ಒದ್ದೆ ಇದೆಯಾ?"

"ಇದೆ ಅಜ್ಜಿ."

"ಬರ್ಕೋ."

ಅಷ್ಟೇ. ಆಮೇಲೆ ಮಾತಿಲ್ಲ. ಹಗ್ಗ ಕೆಳಗೆ ಎಳೀತಿತ್ತು, ತುಂಬಿದ ಕೊಡದ ಭಾರ. ಬಿಟ್ರೆ ಬೀಳುತ್ತೆ ಅಂತ ಭಾವ ಸೇದೋಕೆ ಶುರು ಮಾಡಿದ್ರು. ಒಂದು ಕೈ, ಇನ್ನೊಂದು ಕೈ. ಎಷ್ಟು ಸೇದಿದ್ರೂ ಕೊಡ ಮೇಲೆ ಬರಲ್ಲ. ನೂರು ಸಲ, ಇನ್ನೂರು ಸಲ. ಅಳ್ತಾ ಸೇದಿದ್ರಂತೆ, ಆ ಮನುಷ್ಯ, ನಡುರಸ್ತೆಯಲ್ಲಿ, ಒಬ್ಬರೇ. ಎಲ್ಲೋ ಒಂದು ಲಾರಿ ಹಾರನ್ ಹಾಕ್ತು. ಮುಷ್ಟಿ ಸಡಿಲ ಆಯ್ತು. ಹಗ್ಗ ಸರ್ರ್ ಅಂತ ಜಾರಿ ಹೋಗಿ... ದುಡುಂ.

ಮನೆಗೆ ಬಂದಾಗ ಎರಡು ಗಂಟೆ. ಅಕ್ಕ ಬಾಗಿಲು ತೆಗೆದ್ಲು. ಷರಟಿನ ತೋಳು ತೊಯ್ದಿತ್ತು. ಎರಡೂ ಅಂಗೈ ಸುಲಿದು ಹೋಗಿತ್ತು, ನಾರಿನ ಎಳೆಗಳು ಚರ್ಮದ ಒಳಗೆ ಸಿಕ್ಕಿಕೊಂಡಿದ್ವು. ಅಕ್ಕ ದೀಪ ಹತ್ತಿರ ತಂದು, ಸೂಜಿ ತಗೊಂಡು ಒಂದೊಂದೇ ಎಳೆ ತೆಗೆಯೋಕೆ ಕೂತ್ಲು. ಆ ಎಳೆಗಳನ್ನ ಅವಳು ಕಾಗದದಲ್ಲಿ ಕಟ್ಟಿಟ್ಟಿದ್ಲು, ನಾನು ನೋಡಿದೀನಿ.

"ರೀ, ಇದು ತೆಂಗಿನ ನಾರು. ಈಗ ಈ ಊರಲ್ಲಿ ಯಾರ ಮನೆಯಲ್ಲಿದೆ ನಾರಿನ ಹಗ್ಗ?"

ಆಗ ಎಲ್ಲಾ ಹೇಳಿದ್ರು. ಚೊಂಬು ನೀರಿನಿಂದ ಹಿಡಿದು ಆವತ್ತಿನ ಸೋಮವಾರದವರೆಗೆ. ಅಕ್ಕನ ಸೂಜಿ ನಿಂತಿತ್ತು.

"ಕೆಲಸ ಹೋಗುತ್ತೆ ಕಣೇ" ಅಂದ್ರು ಕೊನೆಗೆ.

"ಹೋಗಲಿ ಬಿಡಿ. ಏಳು ತಿಂಗಳಿಂದ ಪಕ್ಕದಲ್ಲಿ ಮಲಗಿ ಇದನ್ನ ಹೊಟ್ಟೆಯಲ್ಲಿ ಇಟ್ಕೊಂಡಿದ್ರಲ್ಲ, ನನಗೆ ಅದು ತಡ್ಕೊಳ್ಳೋಕೆ ಆಗ್ತಿಲ್ಲ." ಅಂದು ಮತ್ತೆ ಸೂಜಿ ಹಿಡಿದ್ಲು.

ಬೆಳಿಗ್ಗೆ ಭಾವ ಡ್ರಾಯರು ತೆಗೆದು ಪುಸ್ತಕ ಜೇಬಿಗೆ ಹಾಕ್ಕೊಂಡು ನೇರ ದರ್ಜಿ ಅಂಗಡಿಗೆ ಹೋದ್ರು. ತಾನು ಏನೇನು ಮಾಡಿದೆ ಅಂತ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಅದನ್ನೂ ಕೊಟ್ರು. ಆ ಹೆಂಗಸು ಎರಡು ಸಲ ಓದಿದ್ರು. ಬೈಯಲಿಲ್ಲ. ಹೊಲಿಗೆ ಯಂತ್ರದ ಮೇಲಿದ್ದ ಬಟ್ಟೆಯನ್ನ ಮಡಚಿ ಪಕ್ಕಕ್ಕಿಟ್ಟು, ಅಂಗಡಿ ಮುಚ್ಚಿ, ಮೇಲಿನ ಆಫೀಸಿಗೆ ಹೊರಟ್ರು.

ಭಾವನನ್ನ ಕೆಲಸದಿಂದ ತೆಗೆದ್ರು. ಅದು ಬಿಡಿ. ಅಧಿಕಾರಿ ಕೊಟ್ಟ ಮಾತು ಉಳಿಸ್ಕೊಂಡ್ರು, ಹದಿನೈದು ದಿನದಲ್ಲಿ ಫುಟ್‌ಪಾತು ಕಿತ್ತು ಕಲ್ಲುಮಣ್ಣು ತೆಗೆಸೋಕೆ ಶುರು ಮಾಡಿದ್ರು. ಇಡೀ ಗಲ್ಲಿ ಅಲ್ಲೇ ನಿಂತಿತ್ತು. ಭಾವನೂ ಹೋಗಿ ಹಿಂದೆ ನಿಂತಿದ್ರು. ಒಳಗಿನ ಕಲ್ಲುಕಟ್ಟು ಒಂದಿಷ್ಟೂ ಸಡಿಲ ಆಗಿರಲಿಲ್ಲ. ಮೂವತ್ತು ಅಡಿಯಲ್ಲಿ ಜಜ್ಜಿ ಹೋದ ಕೊಡ ಸಿಕ್ತು, ಕೊಡಕ್ಕೆ ಕಟ್ಟಿದ ಹಗ್ಗ ಸಿಕ್ತು. ಅದರ ಕೆಳಗೆ ನೀರು ಬಂತು.

ಮಗಳೇ ಮೊದಲು ಚೊಂಬಿನಲ್ಲಿ ತಗೊಂಡು ಬಾಯಿಗೆ ಹಾಕಿದ್ರು. ನುಂಗಿದ್ರು.

"ಉಪ್ಪು" ಅಂದ್ರು.

ಸುತ್ತ ಎದ್ದ ಕಟ್ಟಡಗಳಿಗೆಲ್ಲ ಬೋರು ಕೊರೆದಿದ್ರಲ್ಲ, ರಾತ್ರಿ ಹಗಲು ನೀರು ಎಳೆದೂ ಎಳೆದೂ ಸಮುದ್ರವೇ ಒಳಗೆ ಬಂದುಬಿಟ್ಟಿತ್ತು. ಎಂಜಿನಿಯರು ಬಗ್ಗಿ ನೋಡಿ ಹೇಳಿದ್ರಂತೆ, ಬಾವಿ ಇದೆ ಅಂತ ಮುಂಚೆಯೇ ಗೊತ್ತಾಗಿದ್ರೆ ಇಲ್ಲಿ ಬೋರಿಗೆ ಅನುಮತಿಯೇ ಕೊಡ್ತಿರಲಿಲ್ಲ, ಈಗ್ಗೆ ಐದಾರು ತಿಂಗಳ ಹಿಂದೆ ಬಾವಿ ತೆಗೆದಿದ್ರೂ ಉಳೀತಿತ್ತು ಅಂತ. ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ. ಭಾವ ಅದನ್ನ ಕೇಳಿಸ್ಕೊಂಡ್ರು. ಹೊರಡೋಕೆ ತಿರುಗಿದಾಗ ಆ ಹೆಂಗಸು ಹತ್ತಿರ ಬಂದ್ರು.

"ಅಮ್ಮ ಕೊನೇವರೆಗೂ ನಿಮ್ಮನ್ನ ಬಿಟ್ಟುಕೊಡಲಿಲ್ಲ ಸಾರ್. ಪಾಪ, ಆ ಹುಡುಗ ಬರೆದಿದ್ದ, ಮೇಲಿನವರು ಯಾರೋ ಅಳಿಸಿರಬೇಕು ಅಂತಿದ್ರು."

ಭಾವ ಮನೆ ದಾರಿ ಹಿಡಿದ್ರು.

ಉಪ್ಪುನೀರಿನ ಬಾವಿ ಯಾರಿಗೆ ಬೇಕು. ಮತ್ತೆ ಮುಚ್ಚಿ ಬೇರೆ ಚಪ್ಪಡಿ ಹಾಕಿದ್ರು. ಹಗ್ಗವನ್ನ ಮಾತ್ರ ಮಗಳು ತಗೊಂಡು ಹೋಗಿ ಅಂಗಡಿಯ ಒಳಗೋಡೆಗೆ ಮೊಳೆ ಹೊಡೆದು ನೇತು ಹಾಕಿದ್ರು. ಅಮ್ಮ ಹೊಸೆದದ್ದು ಅಂತ.

ಇದೆಲ್ಲ ಆಗಿ ಮೂರು ಬೇಸಿಗೆ ಕಳೀತು. ಹೋದ ತಿಂಗಳು ನಾನು ಒಂದು ಪ್ಯಾಂಟು ಚಿಕ್ಕದು ಮಾಡಿಸೋಕೆ ಆ ಅಂಗಡಿಗೆ ಹೋಗಿದ್ದೆ. ಮಟಮಟ ಮಧ್ಯಾಹ್ನ, ತಗಡಿನ ಮಾಡು, ಒಳಗೆ ಬೆಂಕಿ. ಅವರು ಆ ಕಡೆ ತಿರುಗಿದ್ದಾಗ ಹಗ್ಗ ಮುಟ್ಟಿದೆ. ತೊಯ್ದಿತ್ತು. ಹಿಂಡಿದ್ರೆ ನೀರು ಬರೋ ಅಷ್ಟು. ಬೆರಳನ್ನ ನಾಲಿಗೆಗೆ ಇಟ್ಟೆ... ಸಿಹಿ. ಒಂದು ಕಾಳು ಉಪ್ಪಿಲ್ಲ.

ಸಂಜೆ ಅಕ್ಕನ ಮನೆಗೆ ಹೋಗಿ ಹೇಳಿದೆ. ಭಾವ ಈಗ ಒಂದು ಮರದ ಅಂಗಡಿಯಲ್ಲಿ ಹಲಗೆ ಅಳೆಯೋ ಕೆಲಸ ಮಾಡ್ತಾರೆ. ಕೂದಲು ಎಲ್ಲಾ ಬೆಳ್ಳಗಾಗಿದೆ. ನನ್ನ ಮುಖ ನೋಡದೆ ಒಂದೇ ಕೇಳಿದ್ರು, "ಒದ್ದೆ ಇತ್ತಾ?"

"ಇತ್ತು ಭಾವ."

ಎದ್ದು ಹೋಗಿ ಗೂಡಿನಿಂದ ಒಂದು ಸಣ್ಣ ಪುಸ್ತಕ ತಂದ್ರು. ತಾರೀಖು ಹಾಕಿ ಬರ್ಕೊಂಡ್ರು. ಯಾರು ಆ ಕಡೆ ಹೋಗಿ ಬಂದ್ರೂ ಕೇಳ್ತಾರಂತೆ, ಬರ್ಕೊಳ್ತಾರಂತೆ. ಅವರು ಮಾತ್ರ ಅಲ್ಲಿಗೆ ಹೋಗಲ್ಲ.

ನಾನು ಕಟ್ಟಿ ಹೇಳ್ತಿದೀನಿ ಅನ್ನಿಸಿದ್ರೆ ನೀವೇ ಹೋಗಿ. ಅಂಗಡಿ ರಾತ್ರಿ ಎಂಟರವರೆಗೆ ತೆಗೆದಿರುತ್ತೆ. ಕೇಳಿದ್ರೆ ಬೇಡ ಅನ್ನಲ್ಲ, ಮುಟ್ಟೋಕೆ ಬಿಡ್ತಾರೆ. ಆಮೇಲೆ ಕೈ ಒರೆಸ್ಕೊಳ್ಳೋಕೆ ಅಂತ ಪಕ್ಕದ ಮೊಳೆಗೆ ಒಂದು ತುಂಡು ಬಟ್ಟೆ ನೇತು ಹಾಕಿದಾರೆ.